ಪೆಟ್ಟಿಗೆಗೆ ಮುಡಚಟ್ಟು

ಪೆಟ್ಟಿಗೆಗೆ ಬಿಸಿಲು ತಾಗಬಾರದು ಎಂದು ಮರೆವ್ವನ ಕೈಗೆ ಛತ್ರಿ ಕೊಟ್ಟರು. ನೆರಳು ಪೆಟ್ಟಿಗೆಗೆ, ಬಿಸಿಲು ಮರೆವ್ವನಿಗೆ. ಇದರಲ್ಲಿ ವಿಚಿತ್ರವೇನೋ ಇದೆ ಎಂದು ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಮರೆವ್ವನಿಗೂ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ಬಿಸಿಲು ಅವಳ ಪಾಲಿನದೇ ಆಗಿತ್ತು.

ಅವತ್ತು ಖಂಡೇನವಮಿ. ಊರೆಲ್ಲ ಕುಡಗೋಲು, ಕೊಡಲಿ ತೊಳೆದು ಪೂಜೆಗಿಟ್ಟು ಹೋಳಿಗೆ ಉಣ್ಣುವ ದಿನ. ಚಡಚಣದಾಚೆಯ ಬಸಂತರಾಯ ಸಾವಕಾರನ ದ್ರಾಕ್ಷಿ ತೋಟದಲ್ಲಿ ಮಾತ್ರ ಆಳುಗಳಿಗೆ ಸೂಟಿ ಇರಲಿಲ್ಲ. ಹಿಂದಿನ ದಿನವಷ್ಟೇ ಬಳ್ಳಿಗಳ ಛಾಟ್ನಿ ಆಗಿತ್ತು. ಕಡ್ಡಿ ಕತ್ತರಿಸಿದ ಮರುದಿನವೇ ಅದರ ಒಂದೊಂದು ಕಣ್ಣಿಗೂ ಔಷಧಿ ಹಚ್ಚಬೇಕು. ಹಚ್ಚಿದರೆ ಎಲ್ಲ ಕಣ್ಣೂ ಒಟ್ಟಿಗೆ ಚಿಗುರುತ್ತವೆ, ಎಲ್ಲ ಗೊಂಚಲೂ ಒಟ್ಟಿಗೆ ಬರುತ್ತವೆ. ಬಳ್ಳಿಗೆ ಹಬ್ಬ ಗೊತ್ತಿಲ್ಲ. ಮಾದರ ಓಣಿಗೂ ಹಬ್ಬ ಇರುತ್ತದೆ ಎಂಬುದು ಸಾವಕಾರನಿಗೆ ಗೊತ್ತಿಲ್ಲ.

ಹಚ್ಚುವುದು ಬರಿಗೈಯಿಂದ. ಬಕೆಟ್ಟಿನಲ್ಲಿ ಔಷಧಿ, ಅದರಲ್ಲಿ ಅದ್ದಿದ ಹಳೆಯ ಅರಿವೆಯ ತುಂಡು. ಯಾವ ಕಣ್ಣಿಗೆ ಹಚ್ಚಿದೆ, ಯಾವುದು ಉಳಿದಿದೆ ಎಂದು ದೂರದಿಂದಲೇ ಕಾಣಲಿ ಅಂತ ಅದರಲ್ಲಿ ಕೆಂಪು ಬಣ್ಣ ಕಲಸಿರುತ್ತಾರೆ. ಊಟದ ಹೊತ್ತಿಗೆ ಆಳುಗಳ ಕೈ ಮಣಿಕಟ್ಟಿನ ತನಕ ಕೆಂಪು. ಸಾವಕಾರನ ಹೆಂಡತಿ ಸುಮಿತ್ರಾಬಾಯಿ ಪ್ರತಿವರ್ಷ ಅದೇ ಚ್ಯಾಷ್ಟಿ ಮಾಡುತ್ತಿದ್ದಳು. "ಏನ್ರವ್ವಾ, ಎಲ್ಲಾರೂ ಮೆಹಂದಿ ಹಚಗೊಂಡೀರಿ, ಲಗ್ನ ಯಾರದು?" ಹೆಂಗಸರು ಪ್ರತಿವರ್ಷವೂ ನಗುತ್ತಿದ್ದರು. ಸಾವಕಾರ್ತಿ ಚ್ಯಾಷ್ಟಿ ಮಾಡಿದರೆ ನಗಬೇಕು, ಅದೂ ಕೂಲಿಯ ಕೆಲಸವೇ.

ಮೆಹಂದಿ ತಾನಾಗಿ ಮಾಸುತ್ತದೆ. ಇದು ಮಾಸುವಾಗ ತೊಗಲನ್ನೇ ಕಿತ್ತುಕೊಂಡು ಹೋಗುತ್ತದೆ. ಬೆರಳ ಸಂದಿನಲ್ಲಿ ಬೊಬ್ಬೆ, ಉಗುರಿನ ಬುಡದಲ್ಲಿ ಕೀವು. ಕೈ ತೊಳೆಯುವುದು ಔಷಧಿಯ ಬಕೆಟ್ಟು ಜಾಲಿಸುವ ತೊಟ್ಟಿಯಲ್ಲೇ. ಆ ಕೈಯಲ್ಲೇ ರೊಟ್ಟಿ ಮುರಿಯಬೇಕು. ಮರೆವ್ವನ ಸಾಲಿನಲ್ಲೇ ಕೆಲಸ ಮಾಡುವ ಸೈದಾಬಿ ರೊಟ್ಟಿಯನ್ನು ಸೆರಗಿನಲ್ಲಿ ಹಿಡಿದು ಬಾಯಿಂದಲೇ ಕಚ್ಚಿ ತಿನ್ನುತ್ತಿದ್ದಳು.

"ನಾಯಿ ತಿಂದಂಗ ತಿಂತೀಯಲ್ಲಬೇ," ಎಂದು ಅವತ್ತು ಬೆಳಗಿನ ಬುತ್ತಿಯ ಹೊತ್ತಿಗೆ ಯಾರೋ ಅಂದರು.

"ನಾಯಿ ಶಾಣ್ಯಾ ಐತಿ. ನನ್ನ ಕೈ ಮೂಸಿ ಓಡಿ ಹೋತು. ನಾನರ ಎಲ್ಲಿಗಿ ಓಡ್ಲಿ?" ಅಂದಳು ಸೈದಾಬಿ.

ಮರೆವ್ವ ನಗಲಿಲ್ಲ. ಹೋದ ವರ್ಷದ ಖಂಡೇನವಮಿಯ ನಂತರ ಅವಳಿಗೆ ನಗು ಬರುತ್ತಿರಲಿಲ್ಲ.

ಹೋದ ವರ್ಷ ಇದೇ ದಿನ ಅವಳ ಗಂಡ ಶಂಕ್ರೆಪ್ಪ ಸತ್ತಿದ್ದ. ಸರಾಯಿ ಪಾಕೀಟನ್ನು ಸರಕಾರ ಇನ್ನೂ ನಿಷೇಧಿಸಿರದ ಕಾಲ ಅದು. ಹಬ್ಬದ ದಿನವೂ ಕೆಲಸಕ್ಕೆ ಬಂದ ಗಂಡಾಳುಗಳಿಗೆ ಊಟದ ಹೊತ್ತಿಗೆ ಸಾವಕಾರ ತಲೆಗೊಂದು ಪಾಕೀಟು ಕೊಡುವುದು ಆ ತೋಟದ ರೂಢಿ. ಕುಡಿದವರ ಮುಖ ಕೆಂಪೇರಿದರೆ ಬಿಸಿಲಿನ ಝಳ ಅಂದುಕೊಳ್ಳುತ್ತಿದ್ದರು. ಶಂಕ್ರೆಪ್ಪ ಕುಡಿದ. ಕುಡಿದು ಸ್ವಲ್ಪ ಹೊತ್ತಿಗೆ ಮುಖ, ಕುತ್ತಿಗೆ, ಎದೆ ಎಲ್ಲ ಕೆಂಪಾಯಿತು. ಅಂಗಿಯ ಮೇಲಿಂದ ಕಾಣುವಷ್ಟು ಎದೆ ಹೊಡೆದುಕೊಂಡಿತು. ಉಸಿರು ಸಿಗದೆ ಬಾಯಿ ತೆರೆದ, ವಾಂತಿ ಮಾಡಿದ, ಅದರಲ್ಲೇ ಬಿದ್ದು ಹೊರಳಾಡಿದ. ಟೆಂಪೋದಲ್ಲಿ ಇಂಡಿಯ ದವಾಖಾನೆಗೆ ಒಯ್ದರು. ದಾರಿಯಲ್ಲೇ ಮುಗಿಯಿತು.

"ಹಬ್ಬ ಅಂತ ಮಿತಿ ಮೀರಿ ಕುಡದಾನ," ಎಂದ ಸಾವಕಾರ. ಊರೂ ಅದನ್ನೇ ಅಂದಿತು. ಅವನು ಕುಡಿದದ್ದು ಒಂದೇ ಪಾಕೀಟು ಎಂದು ಮರೆವ್ವನಿಗೆ ಗೊತ್ತಿತ್ತು, ಆದರೂ ನಾಲ್ಕು ಮಂದಿ ಅಂದದ್ದನ್ನೇ ಅವಳೂ ನಂಬಿದಳು. ಹೆಣದ ಎದೆಗೆ ಗುದ್ದಿದಳು. "ಕುಡದು ಸತ್ಯಲ್ಲೋ ಹಾಟ್ಯಾ, ಓಣ್ಯಾಗ ಮಾರಿ ಎತ್ತದಂಗ ಮಾಡಿದೆಲ್ಲೋ!" ಎಂದು ಬೈದಳು. ಅತ್ತದ್ದಕ್ಕಿಂತ ಹೆಚ್ಚು ಬೈದಳು. ಮಣ್ಣು ಕೊಟ್ಟು ಬಂದ ಮೇಲೆ ಸುಮಿತ್ರಾಬಾಯಿ ಬುದ್ಧಿ ಹೇಳಿದ್ದಳು. "ನಮ್ಮ ಸಾವಕಾರ್ರನ್ನ ನೋಡಿ ಕಲೀಬೇಕಿತ್ತವ್ವಾ. ದಿನಾ ತಗೊಳ್ಳಾವ್ರು, ಖರೇ. ಆದ್ರ ನವರಾತ್ರಿ ಬಂತಂದ್ರ ಒಂದ ಹನಿ ಮುಟ್ಟೂದಿಲ್ಲ. ನೇಮ ಅಂದ್ರ ನೇಮ." ಆ ನೇಮದ ಮಾತು ಊರಿಗೆಲ್ಲ ಗೊತ್ತಿತ್ತು. ಮರೆವ್ವ ತಲೆ ತಗ್ಗಿಸಿ ಕೇಳಿಸಿಕೊಂಡಿದ್ದಳು. ಈಗ ಅವಳ ಮಗ ಮುತ್ತು ಅಪ್ಪನ ಸಾಲಿನಲ್ಲೇ ಔಷಧಿ ಹಚ್ಚುತ್ತಿದ್ದ. ಈ ವರ್ಷ ಅವನಿಗೂ ಪಾಕೀಟು ಉಂಟು. ಬೆಳಿಗ್ಗೆ ಮನೆ ಬಿಡುವಾಗ ಅವಳು ಒಂದೇ ಮಾತು ಹೇಳಿದ್ದಳು. "ಒಂದಕ್ಕ ಸಾಕು ಮಾಡು, ಮಿತಿ ಮೀರಬ್ಯಾಡ."

ಪೆಟ್ಟಿಗೆ ತಂದವನು ಅನೀಲಕುಮಾರ, ಸಾವಕಾರನ ತಂಗಿಯ ಮಗ. ಯಾವುದೋ ದೊಡ್ಡ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಹೋದ ಹಂಗಾಮಿನಲ್ಲಿ ಸಾವಕಾರನ ದ್ರಾಕ್ಷಿ ಪರದೇಶದ ಬಂದರಿನಿಂದ ವಾಪಸ್ಸು ಬಂದಿತ್ತು. ಹಣ್ಣಿನಲ್ಲಿ ಔಷಧಿಯ ವಿಷ ಉಳಿದಿದೆಯಂತೆ. ಪರದೇಶದವರ ಬಾಯಿ ಬಹಳ ನಾಜೂಕು. ವಿಷ ಎಲ್ಲಿದೆ, ಎಷ್ಟಿದೆ ಎಂದು ತೋಟದಲ್ಲೇ ಮೂಸಿ ಹೇಳುವ ಯಂತ್ರ ಬೇಕು ಎಂದು ಸಾವಕಾರ ಅಳಿಯನ ಬೆನ್ನು ಹತ್ತಿದ್ದ.

ಪೆಟ್ಟಿಗೆ ಬಂದದ್ದು ಮದುಮಗಳು ಬಂದ ಹಾಗೆ. ಎರಡು ಸುತ್ತು ಪ್ಲಾಸ್ಟಿಕ್ ಚೀಲ, ಹೊರಗೆ ತಂಪಿನ ಡಬ್ಬಿ. ಅನೀಲಕುಮಾರ ಬಿಳಿ ಕೈಗವಸು ಹಾಕಿಕೊಂಡೇ ಅದನ್ನು ಮುಟ್ಟುತ್ತಿದ್ದ. ಬೆವರು ತಾಗಿದರೆ ಕೆಡುತ್ತದೆ, ಉಸಿರಿನ ಪಸೆ ತಾಗಿದರೆ ಕೆಡುತ್ತದೆ, ಬಿಸಿಲಿಗೆ ಕೆಡುತ್ತದೆ. ಸುಮಿತ್ರಾಬಾಯಿಗೆ ಇದು ಥಟ್ಟನೆ ಅರ್ಥವಾಯಿತು. "ಅಂದ್ರ ಭಾಳ ಮಡಿ ಐತಿ ಅನ್ನು," ಎಂದು ಅದನ್ನು ದೇವರ ಕೋಣೆಯಲ್ಲೇ ಇಡಿಸಿದಳು. ಬೆಳಿಗ್ಗೆ ಕತ್ತರಿ, ಔಷಧಿ ಹೊಡೆಯುವ ಪಂಪು, ಟ್ರ್ಯಾಕ್ಟರುಗಳ ಜೊತೆ ಅದಕ್ಕೂ ಪೂಜೆ ಆಯಿತು. ಕುಂಕುಮ ಅದರ ಬಾಯಿಗೆ ಬೀಳುತ್ತದೆಂದು ಅನೀಲಕುಮಾರ ಚೀರಿದ, ಮುಚ್ಚಳಕ್ಕಷ್ಟೇ ಹಚ್ಚಿದರು. ಅವನ ಗಾಜಿನ ಸಾಮಾನು ತೊಳೆಯಲು ಎರಡು ಕ್ಯಾನು ಶುದ್ಧ ನೀರು ಬೇರೆ ಬಂದಿತ್ತು. ತೋಟದ ಎಲ್ಲ ಆಯುಧಗಳಿಗೂ ಅವತ್ತು ಹೂವು ಏರಿತು. ಆಳುಗಳ ಕೈಗೆ ಮಾತ್ರ ಯಾರೂ ಹೂವು ಇಡಲಿಲ್ಲ.

ಮಧ್ಯಾಹ್ನಕ್ಕೆ ಸುತ್ತಲಿನ ದ್ರಾಕ್ಷಿ ಬೆಳೆಗಾರರು ಬಂದು ಕೂತರು. ತೋಟದ ಬದುವಿಗೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಪೆಟ್ಟಿಗೆ ಇಟ್ಟರು. ಅನೀಲಕುಮಾರ ವಿವರಿಸತೊಡಗಿದ. "ಇದರೊಳಗ ಒಂದು ತೆಳು ಪದರ ಐತಿ. ಈರುಳ್ಳಿ ಸಿಪ್ಪಿಕಿಂತ ತೆಳು. ಪ್ಲಾಸ್ಟಿಕ್ಕಿನ ಜಾತೀದು, ಆದ್ರ ಇದರೊಳಗ ಕರೆಂಟು ಸ್ವಲ್ಪ ಸ್ವಲ್ಪ ಹರೀತೈತಿ. ಸಾವಯವ ಅರೆವಾಹಕ ಅಂತಾರ."

"ಸಾವಯವ ಅಂದ್ರ ಸಗಣಿ ಗೊಬ್ಬರದ್ದೇನಪಾ?" ಎಂದ ಹಿಂದೆ ಕೂತ ಒಬ್ಬ ಬೆಳೆಗಾರ. ಆಗ ಸಾವಯವ ಕೃಷಿಯ ಗಾಳಿ ಬೀಸುತ್ತಿದ್ದ ಕಾಲ.

"ಸಗಣಿ ಅಲ್ರಿ ಕಾಕಾ," ಅನೀಲಕುಮಾರ ನಕ್ಕ. "ವಿಷದ ಹವಾ ಬಂದು ಆ ಪದರಿನ ಮ್ಯಾಲ ಕುಂತಿತಂದ್ರ ಕರೆಂಟು ಏರುಪೇರು ಆಗ್ತೈತಿ. ಆದ ಕೂಡಲೇ ಕೂಗ್ತೈತಿ. ಇದಕ್ಕ ಯಾರ ಮುಲಾಜೂ ಇಲ್ಲ. ವಿಷ ಇದ್ದಲ್ಲಿ ಕೂಗ್ತೈತಿ, ಇಲ್ಲದಲ್ಲಿ ಸುಮ್ಮ ಇರ್ತೈತಿ."

ಅಷ್ಟರಲ್ಲಿ ಬಿಸಿಲು ಮೇಜಿಗೆ ಬಂತು. ಸಾವಕಾರ ಹತ್ತಿರದ ಸಾಲಿನಲ್ಲಿದ್ದ ಮರೆವ್ವನನ್ನು ಕೂಗಿದ. ಅವಳು ಬಕೆಟ್ಟು ಇಟ್ಟು ಬಂದಳು. ಛತ್ರಿ ಕೊಟ್ಟರು. ಅವಳ ಕೆಂಪು ಕೈ ಪೆಟ್ಟಿಗೆಯ ಮೇಲೆ ಬಂದದ್ದೇ ತಡ, ಅದು ಕಿರ್ರೆಂದು ಕೂಗಿತು.

ಮರೆವ್ವ ಬೆದರಿ ಹಿಂದೆ ಸರಿದಳು, ಕೂಗು ನಿಂತಿತು. ಛತ್ರಿ ಹಿಡಿಯಲು ಮತ್ತೆ ಮುಂದೆ ಬಂದಳು, ಮತ್ತೆ ಕೂಗಿತು. ಕೂತವರೆಲ್ಲ ಹೋ ಎಂದು ನಕ್ಕರು.

"ಮುಡಚಟ್ಟಾತು, ಮೈಲಗಿ ಆತು!" ಎಂದಳು ಸುಮಿತ್ರಾಬಾಯಿ ಚಪ್ಪಾಳೆ ಹೊಡೆದು. "ನಾ ಹೇಳಿದ್ನಿಲ್ಲ, ಅದಕ್ಕ ಭಾಳ ಮಡಿ ಅಂತ? ಯಾರು ಯಾವ ಓಣಿಯವರಂತ ಅದಕ್ಕೂ ತಿಳೀತೈತಿ ನೋಡ್ರಿ."

ಕಾಲೇಜು ಕಲಿತ ಅನೀಲಕುಮಾರನೂ ನಕ್ಕ. ನಕ್ಕು, ಆಮೇಲೆ ಮುಖ ಸಿಂಡರಿಸಿ, "ಮಾಮಾ, ಈಕೀನ ದೂರ ನಿಲ್ಲಸ್ರಿ. ಕೈಗೆ ಔಷಧಿ ಮೆತ್ತೇತಿ. ಅಳತಿ ಕೆಡತೈತಿ," ಎಂದ.

ದೂರ ನಿಲ್ಲು. ಮರೆವ್ವ ಈ ಮಾತನ್ನು ಬಾವಿಯ ಹತ್ತಿರ ಕೇಳಿದ್ದಳು, ಗುಡಿಯ ಹತ್ತಿರ ಕೇಳಿದ್ದಳು, ಚಹಾದ ಅಂಗಡಿಯ ಹತ್ತಿರ ಕೇಳಿದ್ದಳು. ಈಗ ಹೊಸದಾಗಿ ಬಂದ ಯಂತ್ರವೂ ಅದನ್ನೇ ಹೇಳಿತು. ಅವಳು ಛತ್ರಿ ಕೆಳಗಿಟ್ಟು ಬದುವಿನ ಆಚೆ ಹೋಗಿ ನಿಂತಳು. ವಿಷ ಇದ್ದಲ್ಲಿ ಮಾತ್ರ ಕೂಗುತ್ತದೆ ಎಂದು ಈಗಷ್ಟೇ ಹೇಳಿದ. ತನ್ನ ಕೈಗೆ ಕೂಗಿತು. ಅಂದರೆ ಏನು? ಆ ಲೆಕ್ಕ ಕೂಡಿಸಲು ಅಲ್ಲಿ ಯಾರಿಗೂ ತುರ್ತು ಇರಲಿಲ್ಲ. ವಿಷ ದ್ರಾಕ್ಷಿಗೆ ಹತ್ತಿದರೆ ಸಭೆ ಕೂಡುತ್ತದೆ. ಮರೆವ್ವನಿಗೆ ಹತ್ತಿದರೆ ಅಳತೆ ಕೆಡುತ್ತದೆ.

ಅವಳು ಅಲ್ಲೇ ನಿಂತಿದ್ದಳು. ಹೋಗು ಎಂದು ಯಾರೂ ಹೇಳಿರಲಿಲ್ಲ, ಇದ್ದಾಳೆ ಎಂಬುದೂ ಯಾರಿಗೂ ನೆನಪಿರಲಿಲ್ಲ. ಸಗಣಿ ಗೊಬ್ಬರದ ಕಾಕಾ ಮೀಸೆ ತಿರುವಿ, "ಬಸಂತರಾಯ, ಹಬ್ಬ ಐತಿ. ಸಂಜೀಕ ಒಂದೊಂದು ಗ್ಲಾಸು ಆಗಲಿ," ಎಂದ.

"ಇವತ್ತ ಬ್ಯಾಡ್ರಿ ಕಾಕಾ," ಎಂದ ಅನೀಲಕುಮಾರ. "ತೋಟದಾಗ ಅಡ್ಡಾಡೀರಿ. ಈ ಔಷಧಿ ಮೈಗೆ ಹತ್ತಿದ ಮ್ಯಾಲ ಸೆರೆ ಕುಡದ್ರ ಅದು ರಗತದಾಗ ಕರಗೂದಿಲ್ಲ, ವಿಷ ಆಗ್ತೈತಿ. ಮಾರಿ ಕೆಂಪಾಗಿ, ಎದಿ ಹೊಡಕೊಂಡು ಸಾಯೂ ಪಾಳಿ ಬರ್ತೈತಿ. ಮುಂದಿನ ವಾರ ಕುಡೀರಿ."

ಬಸಂತರಾಯ ಗಹಗಹಿಸಿ ನಕ್ಕ. "ಏ, ನನಗೇನು ಹೇಳ್ತೀಯೋ! ಔಷಧಿ ಅಂಗಡಿಯಾಂವ ಮೊದಲನೇ ವರ್ಷನ ಹೇಳ್ಯಾನ. ಅದಕ್ಕ ಛಾಟ್ನಿ ವಾರ ನಾ ಗ್ಲಾಸ ಮುಟ್ಟೂದಿಲ್ಲ. ಮಂದಿ ನವರಾತ್ರಿ ನೇಮ ಅಂತಾರ, ಅನ್ನಲಿ ಬಿಡು. ಪುಣ್ಯಾನೂ ಬಂತು, ಜೀವಾನೂ ಉಳೀತು!"

ಎಲ್ಲರೂ ನಕ್ಕರು. ಸುಮಿತ್ರಾಬಾಯಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳಿಗೂ ಗೊತ್ತಿತ್ತು.

ಮರೆವ್ವನ ಕಿವಿಗೆ ಆ ನಗು ಹೋಗಲಿಲ್ಲ. ಮಾರಿ ಕೆಂಪಾಗಿ. ಎದಿ ಹೊಡಕೊಂಡು. ಟೆಂಪೋದಲ್ಲಿ ಅವಳ ತೊಡೆಯ ಮೇಲಿದ್ದ ಕೆಂಪು ಮುಖ ಕಣ್ಣಿಗೆ ಬಂತು. ಸಾವಕಾರ ಗೊತ್ತಿದ್ದೂ ಕೊಟ್ಟಿದ್ದ. ತಾನು ಮುಟ್ಟದ್ದನ್ನು ಕೈಯಾರೆ ಹಂಚಿದ್ದ. ಕೊಡದಿದ್ದರೆ ಹಬ್ಬದ ದಿನ ಗಂಡಾಳು ಬರುವುದಿಲ್ಲ, ಅಷ್ಟೇ ಕಾರಣ. ಅವಳು ಹೆಣಕ್ಕೆ ಗುದ್ದಿದ್ದಳು. ಬೈದಿದ್ದಳು. ಅದೇ ಸಾವಕಾರ ಹೆಣದ ಗುಂಡಿಗೆ ಹಿಡಿ ಮಣ್ಣು ಹಾಕಿ ದೊಡ್ಡವನಾಗಿದ್ದ.

ಮೊದಲು ಬಂದದ್ದು ಹೇಸಿಕೆ. ಅವನ ಎಲೆಯಡಿಕೆಯ ಬಾಯಿ, ಅವನ ನೇಮ, ಅವನ ನಗು, ಎಲ್ಲದರ ಮೇಲೂ ಬಂತು. ಪ್ರತಿವರ್ಷ ಆ ಮನೆಯ ಹೋಳಿಗೆಯನ್ನು ಸೆರಗೊಡ್ಡಿ ಇಸಿದುಕೊಳ್ಳುತ್ತಿದ್ದ ತನ್ನ ಮೇಲೂ ಬಂತು. ಸಿಟ್ಟು ಆಮೇಲೆ ಬಂತು. ಸಿಟ್ಟಿನ ಜೊತೆಗೇ ಮುತ್ತು ನೆನಪಾದ.

ಊಟದ ಹೊತ್ತಾಗಿತ್ತು.

ಅವಳು ಓಡಿದಳು. ಕಡ್ಡಿಗಳು ಮುಖಕ್ಕೆ ಬಡಿದವು, ಸೀರೆ ತಂತಿಗೆ ಸಿಕ್ಕಿ ಹರಿಯಿತು. ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟುಕೊಂಡು ಸಾವಕಾರನ ಕಾರಭಾರಿ ಪಾಕೀಟು ಹಂಚುತ್ತಿದ್ದ. ಮುತ್ತು ಪಾಕೀಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಅವಳು ಅವನ ಬಾಯಿಗೇ ಹೊಡೆದಳು. ಪಾಕೀಟು ಒಡೆದು ಎದೆಯ ಮೇಲೆಲ್ಲ ಚೆಲ್ಲಿತು.

"ಯವ್ವಾ, ಹುಚ್ಚ ಹಿಡದೈತೇನ ನಿನಗ? ಒಂದ ತಗೋ ಅಂತ ನೀನ ಹೇಳಿದ್ದೆಲ್ಲ!"

"ಹೇಳಿದ್ದೆಪಾ. ನನ್ನ ನಾಲಗಿ ಸೇದಿ ಹೋಗ್ಲಿ. ಉಗಳು. ಯಾರ್ಯಾರ ಬಾಯಾಗ ಐತಿ ಎಲ್ಲಾರೂ ಉಗಳ್ರಿ. ನಿಮ್ಮಪ್ಪ ಮಿತಿ ಮೀರಿ ಸತ್ತಿಲ್ಲೋ. ಕೈಗೆ ಔಷಧಿ, ಹೊಟ್ಟಿಗೆ ಸೆರೆ. ಎರಡೂ ಕೂಡಿದ್ರ ಸಾಯ್ತಾರಂತ ಸಾವಕಾರಗ ಮೊದಲನೇ ವರ್ಷದಿಂದ ಗೊತ್ತೈತಿ."

ಒಬ್ಬ ಉಗುಳಿದ. ಇನ್ನೊಬ್ಬ ನಂಬದೆ ಅವಳ ಮುಖ ನೋಡಿದ. ಮರೆವ್ವ ಬುಟ್ಟಿಯಿಂದ ಒಂದು ಪಾಕೀಟು ಎತ್ತಿಕೊಂಡಳು. "ನಂಬಬ್ಯಾಡ್ರಿ. ಬರ್ರಿ, ನೋಡಬರ್ರಿ," ಎಂದು ತಿರುಗಿ ನಡೆದಳು. ಮುತ್ತು ಬಂದ, ಸೈದಾಬಿ ಬಂದಳು, ಒಬ್ಬೊಬ್ಬರಾಗಿ ಎಲ್ಲ ಆಳುಗಳೂ ಬಂದರು.

ಮೇಜಿನ ಸುತ್ತ ಹೋಳಿಗೆಯ ತಾಟುಗಳು ಬಂದಿದ್ದವು. ಇಷ್ಟು ಮಂದಿಯ ಕೆಂಪು ಕೈಗಳು ಹತ್ತಿರ ಬಂದದ್ದೇ ಪೆಟ್ಟಿಗೆ ಕೂಗತೊಡಗಿತು. ಅನೀಲಕುಮಾರ ಎದ್ದು, "ಏ, ದೂರ! ದೂರ!" ಎಂದ. ಯಾರೂ ದೂರ ಹೋಗಲಿಲ್ಲ.

ಮರೆವ್ವ ಪಾಕೀಟನ್ನು ಸಾವಕಾರನ ಮುಂದೆ ಹಿಡಿದಳು. "ಸಾವಕಾರ್ರ, ಇದನ್ನ ಕುಡೀರಿ."

"ಏನಬೇ ಇದು? ನಂದು ನವರಾತ್ರಿ ನೇಮ ಐತಿ, ಊರಿಗೆಲ್ಲ ಗೊತ್ತೈತಿ."

"ನೇಮ ಅಲ್ರಿ ಅದು, ಜೀವದ ಆಸೆ. ಈಗ ನಿಮ್ಮ ಬಾಯಲೆ ಹೇಳಿದ್ರಿ, ನಾ ಬದುವಿನ ಆಚಿ ನಿಂತಿದ್ನಿ. ದೂರ ನಿಂತ್ರ ಕೇಳಸೂದಿಲ್ಲ ಅಂತ ತಿಳದಿದ್ರೇನ್ರಿ?"

"ಮಂದಿ ಮುಂದ ನಾಲಗಿ ಉದ್ದ ಬಿಡಬ್ಯಾಡ. ನಿನ್ನ ಗಂಡ ಕುಡಕ ಇದ್ದ, ಕುಡದು ಸತ್ತ."

"ಅದ ಪಾಕೀಟ್ರಿ ಇದು. ಅದ ಬುಟ್ಟೀದು. ನಿಮ್ಮ ಕೈಯಾರೆ ಕೊಡೂದು. ಇದರಾಗ ಏನೂ ಇಲ್ಲಂದ್ರ ಒಂದ ಗುಟುಕು ಕುಡೀರಿ. ನೀವು ಕುಡದ್ರ ನನ್ನ ಗಂಡ ಕುಡಕ ಅಂತ ನಾನ ಊರ ತುಂಬ ಡಂಗುರ ಹೊಡೀತೇನಿ. ನಿಮ್ಮ ಕಾಲ ಹಿಡದು ಇಲ್ಲೇ ಬೀಳ್ತೇನಿ. ಕುಡೀರಿ."

ಅವಳು ಒಂದು ಹೆಜ್ಜೆ ಮುಂದಿಟ್ಟಳು. ಪಾಕೀಟು ಅವನ ಮೀಸೆಗೆ ತಾಗುವಷ್ಟು ಹತ್ತಿರ ಬಂತು. ಕೂತ ಬೆಳೆಗಾರರು ನೋಡುತ್ತಿದ್ದರು. ನಿಂತ ಆಳುಗಳು ನೋಡುತ್ತಿದ್ದರು.

ಬಸಂತರಾಯ ಸಾವಕಾರ ಹಿಂದೆ ಸರಿದ. ಕುರ್ಚಿ ಕಾಲಿಗೆ ತೊಡರಿ ಬಿತ್ತು. ಮತ್ತೆ ಸರಿದ. ಆ ಓಣಿಯವರನ್ನು ಕಂಡು ಅವನ ಮನೆತನ ತಲೆತಲಾಂತರದಿಂದ ಹಿಂದೆ ಸರಿದಿತ್ತು, ಆದರೆ ಹೀಗೆ ಅಂಜಿ ಸರಿದದ್ದು ಇದೇ ಮೊದಲು. ಮುತ್ತು ಅದನ್ನು ನೋಡಿದ. ಅವನಿಗೆ ಮತ್ತೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅಂಗಿಯ ಮೇಲೆ ಚೆಲ್ಲಿದ್ದ ಸರಾಯಿಯನ್ನು ಹೇಲು ಒರೆಸಿದಂತೆ ಒರೆಸಿಕೊಂಡ.

ಮರೆವ್ವ ಪಾಕೀಟನ್ನು ಹೋಳಿಗೆಯ ತಾಟಿಗೆ ಎಸೆದಳು. ಮೇಜಿನ ಕೆಳಗಿದ್ದ ಶುದ್ಧ ನೀರಿನ ಕ್ಯಾನು ಎತ್ತಿ ಬಿರಡೆ ಕಿತ್ತಳು.

"ಅದು ಯಂತ್ರದ್ದು! ಅದನ್ನ ಮುಟ್ಟಬ್ಯಾಡ!" ಎಂದು ಅನೀಲಕುಮಾರ ಕೂಗಿದ.

"ಗೊತ್ತೈತ್ರಿ. ಕೈ ಚಾಚೋ ಮುತ್ತು."

ಮಗನ ಕೈಗೆ ನೀರು ಸುರಿದಳು. ತಿಕ್ಕಿದಳು. ತೊಳೆದ ಕೈಯನ್ನು ಹಿಡಿದು ಪೆಟ್ಟಿಗೆಯ ಬಾಯಿಗೆ ಒಯ್ದಳು. ಕೂಗಿತು. ಮತ್ತೆ ಸುರಿದಳು, ಮತ್ತೆ ತಿಕ್ಕಿದಳು. ಕೂಗಿತು. ಸೈದಾಬಿಯ ಕೈ ತೊಳೆದಳು, ಉಳಿದವರ ಕೈ ತೊಳೆದಳು. ಬಿಳಿ ಬಟ್ಟೆಯ ಮೇಲಿಂದ ಕೆಂಪು ನೀರು ಸುಮಿತ್ರಾಬಾಯಿಯ ಕಾಲಿನತ್ತ ಹರಿಯಿತು. ಅವಳು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದಳು. ಒಂದು ಕ್ಯಾನು ಮುಗಿಯಿತು, ಇನ್ನೊಂದೂ ಮುಗಿಯಿತು. ಪೆಟ್ಟಿಗೆ ಕೂಗುತ್ತಲೇ ಇತ್ತು.

"ಬಂದ್ ಮಾಡೋ ಅದನ್ನ!" ಸಾವಕಾರ ಅಳಿಯನಿಗೆ ಗದರಿದ.

"ಮಾಡಬ್ಯಾಡ್ರಿ," ಎಂದಳು ಮರೆವ್ವ. "ನನ್ನ ಗಂಡಗ ಇವತ್ತರ ಯಾರರ ಬಾಯಿ ಮಾಡಿ ಅಳಲಿ."

ಅನೀಲಕುಮಾರನ ಕೈ ಪೆಟ್ಟಿಗೆಯ ಗುಂಡಿಯ ತನಕ ಹೋಗಿ ಅಲ್ಲೇ ನಿಂತಿತು.

ಆಳುಗಳು ಸಾಲಿಗೆ ಮರಳಲಿಲ್ಲ, ಮನೆಯ ದಾರಿ ಹಿಡಿದರು. ಬಕೆಟ್ಟುಗಳು ಇದ್ದಲ್ಲೇ ಇದ್ದವು, ಅರ್ಧ ತೋಟದ ಕಡ್ಡಿಗಳಿಗೆ ಇನ್ನೂ ಕೆಂಪು ಏರಿರಲಿಲ್ಲ. ಸಾವಕಾರ ಬದುವಿನ ತನಕ ಹಿಂದೆ ಬಂದ. ದನಿ ಇಳಿದಿತ್ತು. "ಏ ಮರೆವ್ವ, ಆದದ್ದಾತು. ಕಣ್ಣು ಹಂಗ ಉಳದಾವ. ಇವತ್ತ ಹಚ್ಚದಿದ್ರ ಬೆಳಿ ಹೋಗ್ತೈತಿ. ಯಾರು ಹಚ್ಚಬೇಕು ಹೇಳು?"

ಮರೆವ್ವ ತನ್ನ ಬಕೆಟ್ಟು ಎತ್ತಿ ತಂದು ಅವನ ಕಾಲ ಹತ್ತಿರ ಇಟ್ಟಳು. ಅರಿವೆಯ ತುಂಡು ಅದರ ಕಂಠಕ್ಕೆ ಇಳಿಬಿದ್ದಿತ್ತು.

"ನೀವ ಹಚ್ಚರಿ. ನಿಮ್ಮದು ಹೆಂಗೂ ನೇಮ ಐತಿ."